ಸೇಡು ತೀರಿಸಿಕೊಂಡರೆ ತಪ್ಪೇನು?

ಪ್ರಶ್ನೆ: ನಾನೂ ಒಬ್ಬ ಸಹೋದ್ಯೋಗಿಯೂ ತುಂಬಾ ವರ್ಷ ಒಂದೇ ತಂಡದಲ್ಲಿದ್ದೆವು. ನಾನು ಮಾಡಿದ ಕೆಲಸವನ್ನು ಆತ ತನ್ನದೆಂದು ತೋರಿಸಿಕೊಂಡ. ಕೇಳಿದ್ದಕ್ಕೆ ಹಣದ ವಿಷಯದಲ್ಲಿ ನನ್ನ ಮೇಲೆಯೇ ಸುಳ್ಳು ದೂರು ಕೊಟ್ಟ. ವಿಚಾರಣೆ ಅಂತ ಒಂದು ನಡೆಯಿತು. ಕೊನೆಗೆ 'ಸಾಕ್ಷ್ಯ ಸಾಲದು' ಎಂದು ಫೈಲ್ ಮುಚ್ಚಿದರು. ಆರೋಪ ಸುಳ್ಳು ಎಂದು ಯಾರೂ ಹೇಳಲಿಲ್ಲ. ಅವಮಾನ ತಡೆಯಲಾರದೆ ನಾನೇ ಕೆಲಸ ಬಿಟ್ಟೆ. ಆತನಿಗೆ ಬಡ್ತಿ ಸಿಕ್ಕಿತು. ಈಗ ಆತನ ಖಾಸಗಿ ಮೆಸೇಜುಗಳ ಸ್ಕ್ರೀನ್‌ಶಾಟ್‌ಗಳು ಹೇಗೋ ನನ್ನ ಕೈಗೆ ಬಂದಿವೆ. ಬೇರೊಬ್ಬಳ ಜೊತೆಗಿನ ಸಂಬಂಧ ಅದರಲ್ಲಿ ಗೊತ್ತಾಗುತ್ತದೆ. ಹೆಂಡತಿಗೆ ಕಳಿಸಿದರೆ ಅವನ ಸಂಸಾರ ಮುರಿಯುತ್ತದೆ. ಕಳಿಸಿಬಿಡೋಣ ಅನ್ನಿಸುತ್ತಿದೆ. ಮನೆಯವರು 'ಮಾಡಿದ್ದುಣ್ಣೋ ಮಹರಾಯ, ದೇವರು ನೋಡ್ಕೋತಾನೆ, ಬಿಟ್ಟುಬಿಡು' ಅಂತಾರೆ. ತಪ್ಪು ಮಾಡಿದವರ ಮೇಲೆ ಸೇಡು ತೀರಿಸಿಕೊಳ್ಳುವುದು ಯಾವಾಗಲೂ ತಪ್ಪಾ?
(ಹೆಸರು ಬೇಡ ಎಂದಿದ್ದಾರೆ)

ಉತ್ತರ: ನಿಮ್ಮ ಮನೆಯವರ ಮಾತಿನಿಂದಲೇ ಶುರು ಮಾಡುತ್ತೇನೆ. 'ದೇವರು ನೋಡ್ಕೋತಾನೆ' ಅನ್ನುವವರು ಸೇಡು ಬೇಡ ಅನ್ನುತ್ತಿಲ್ಲ, ಗಮನಿಸಿದ್ದೀರಾ? ಸೇಡು ಆಗಲಿ, ಆದರೆ ನಿನ್ನ ಕೈಯಿಂದ ಬೇಡ ಅನ್ನುತ್ತಿದ್ದಾರೆ. ಕೆಲಸವನ್ನು ದೇವರಿಗೆ ವಹಿಸಿದ್ದಾರೆ, ಅಷ್ಟೆ. ತಪ್ಪು ಮಾಡಿದವನು ಅನುಭವಿಸಲಿ ಎಂಬ ಆಸೆ ಅವರಲ್ಲೂ ಇದೆ. ಅದು ಇಲ್ಲದ ಮನುಷ್ಯರು ಬಹಳ ಕಡಿಮೆ.

ಹಾಗಾಗಿ ನೀವು ಕೇಳಿರುವುದರಲ್ಲಿ ಎರಡು ಪ್ರಶ್ನೆಗಳಿವೆ. ಸೇಡು ಬೇಕು ಅನ್ನಿಸುವುದು ಸರಿಯಾ? ತೀರಿಸಿಕೊಳ್ಳುವುದು ಸರಿಯಾ? ಮೊದಲನೆಯದಕ್ಕೆ ನನ್ನ ಉತ್ತರ ಹೌದು. ಎರಡನೆಯದಕ್ಕೆ, ಬಹುಮಟ್ಟಿಗೆ ಇಲ್ಲ. 'ಬಹುಮಟ್ಟಿಗೆ' ಯಾಕೆ ಅನ್ನುವುದೇ ಕಷ್ಟದ ಭಾಗ. ಅದಕ್ಕೆ ಆಮೇಲೆ ಬರುತ್ತೇನೆ.

ನಿಮ್ಮ ಸಿಟ್ಟಿನ ಬಗ್ಗೆ ಮೊದಲು ಹೇಳಿಬಿಡುತ್ತೇನೆ. ಅದಕ್ಕೆ ನಾಚಿಕೊಳ್ಳಬೇಡಿ. ಇಂಗ್ಲೆಂಡಿನ ಪಾದ್ರಿ ಜೋಸೆಫ್ ಬಟ್ಲರ್ ತಮ್ಮ ಉಪದೇಶಗಳನ್ನು 1726ರಲ್ಲಿ ಅಚ್ಚು ಹಾಕಿಸಿದರು. ದಯಾಮಯನಾದ ದೇವರು ಮನುಷ್ಯನಿಗೆ ಇಂಥ ಸಿಟ್ಟನ್ನು ಯಾಕಾದರೂ ಕೊಟ್ಟ ಎಂಬುದು ಅವರು ಅಲ್ಲಿ ಎತ್ತುವ ಒಂದು ಪ್ರಶ್ನೆ. ಅನ್ಯಾಯದ ವಿರುದ್ಧ ನಿಲ್ಲಲು ಅದೊಂದು ಆಯುಧ ಎಂದು ಅವರೇ ಉತ್ತರ ಕೊಡುತ್ತಾರೆ. ಪಾದ್ರಿಯ ಬಾಯಲ್ಲಿ ಬಂದ ಮಾತು ಇದು, ನೆನಪಿರಲಿ. ಕ್ಷಮೆಯ ಬಗ್ಗೆಯೂ ಅವರು ಬೋಧಿಸಿದರು. ಆದರೆ ಸಿಟ್ಟನ್ನು ಪಾಪ ಅನ್ನಲಿಲ್ಲ. ಅದು ಅತಿಯಾದಾಗ, ನಮ್ಮನ್ನೇ ಆಳಿದಾಗ ಮಾತ್ರ ಕೆಟ್ಟದ್ದು ಅಂದರು.

1962ರಲ್ಲಿ ಪೀಟರ್ ಸ್ಟ್ರಾಸನ್ ಎಂಬ ತತ್ತ್ವಶಾಸ್ತ್ರಜ್ಞ ಇದನ್ನೇ ಇನ್ನೊಂದು ದಿಕ್ಕಿನಿಂದ ನೋಡಿದರು. ಎಡವಿದ ಕಲ್ಲಿನ ಮೇಲೆ ನಮಗೆ ಹಗೆ ಹುಟ್ಟುವುದಿಲ್ಲ. ಏನೂ ತಿಳಿಯದ ಮಗು ಹೊಡೆದರೆ ನೋವಾಗುತ್ತದೆ, ಅಸಮಾಧಾನ ಆಗುವುದಿಲ್ಲ. 'ಹೀಗೆ ಮಾಡಬಾರದಾಗಿತ್ತು' ಎಂದು ಒಬ್ಬನ ಮೇಲೆ ಸಿಟ್ಟಾಗುತ್ತೇವೆ ಅಂದರೆ, ಅವನನ್ನು ಬುದ್ಧಿಯಿರುವ, ಹೊಣೆ ಹೊರಬಲ್ಲ ಮನುಷ್ಯ ಎಂದು ಒಪ್ಪಿದ್ದೇವೆ ಎಂದೇ ಅರ್ಥ. ನನಗೆ ಈ ಮಾತು ತುಂಬಾ ಸರಿ ಅನ್ನಿಸುತ್ತದೆ. ಎಲ್ಲವನ್ನೂ ನಕ್ಕು ಮರೆತುಬಿಡುವವರನ್ನು ನಾವು ದೊಡ್ಡವರು ಅನ್ನುತ್ತೇವೆ. ಕೆಲವು ಸಲ ಅವರು ಎದುರಿನವನನ್ನು ಲೆಕ್ಕಕ್ಕೇ ಇಟ್ಟಿರುವುದಿಲ್ಲ.

ಮೂರನೆಯವರು ಅಮೆರಿಕದ ತತ್ತ್ವಶಾಸ್ತ್ರಜ್ಞೆ ಜೀನ್ ಹ್ಯಾಂಪ್ಟನ್. 1980ರ ದಶಕದ ಕೊನೆಗೆ ಅವರು ಹೇಳಿದ್ದು ನಿಮ್ಮ ಸಂಗತಿಗೆ ಹೇಳಿ ಮಾಡಿಸಿದ ಹಾಗಿದೆ. ಒಬ್ಬ ಇನ್ನೊಬ್ಬನಿಗೆ ಅನ್ಯಾಯ ಮಾಡಿದಾಗ ಬರೀ ನಷ್ಟ ಆಗುವುದಿಲ್ಲ. ಜೊತೆಗೆ ಒಂದು ಮಾತೂ ರವಾನೆಯಾಗುತ್ತದೆ: 'ನೀನು ನನಗಿಂತ ಕೀಳು, ನಿನ್ನನ್ನು ನಾನು ಹೀಗೆ ಬಳಸಿಕೊಳ್ಳಬಹುದು.' ಶಿಕ್ಷೆಯ ಕೆಲಸ ಆ ಮಾತನ್ನು ಸುಳ್ಳು ಮಾಡುವುದು. ಹೋದ ಕೆಲಸಕ್ಕಿಂತ ನಿಮ್ಮನ್ನು ಜಾಸ್ತಿ ಕೊರೆಯುತ್ತಿರುವುದು ಆ ಮಾತೇ ಇರಬೇಕು. 'ಆರೋಪ ಸುಳ್ಳು ಎಂದು ಯಾರೂ ಹೇಳಲಿಲ್ಲ' ಎಂದು ಬರೆದಿದ್ದೀರಿ. ಇಡೀ ಪತ್ರದಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಆ ಒಂದು ಸಾಲು.

ಸರಿ, ಸಿಟ್ಟು ನ್ಯಾಯವಾದದ್ದೇ. ಹಾಗಾದರೆ ತೀರಿಸಿಕೊಂಡರೆ ಏನು ತಪ್ಪು?

ತೊಂದರೆ ಅಳತೆಯಲ್ಲಿದೆ. 2003ರಲ್ಲಿ ಲಂಡನ್ನಿನಲ್ಲಿ ಒಂದು ಪ್ರಯೋಗ ನಡೆಯಿತು. ಇಬ್ಬಿಬ್ಬರನ್ನು ಎದುರುಬದುರು ಕೂರಿಸಿದರು. ಇಬ್ಬರ ಬೆರಳಿನ ಮೇಲೂ ಒಂದೊಂದು ಚಿಕ್ಕ ಸಾಧನ. ಒಬ್ಬ ಒತ್ತಿದರೆ ಇನ್ನೊಬ್ಬನ ಬೆರಳಿಗೆ ಅದರ ಒತ್ತಡ ಗೊತ್ತಾಗುತ್ತದೆ. ಸೂಚನೆ ಇಷ್ಟೇ: ನಿಮಗೆ ಎಷ್ಟು ಜೋರಾಗಿ ಅನ್ನಿಸಿತೋ ಅಷ್ಟೇ ಜೋರಾಗಿ ತಿರುಗಿ ಒತ್ತಿ, ಹೆಚ್ಚೂ ಬೇಡ, ಕಡಿಮೆಯೂ ಬೇಡ. ಎದುರಿನವನಿಗೂ ಇದೇ ಸೂಚನೆ ಇದೆ ಎಂದು ಇಬ್ಬರಿಗೂ ಗೊತ್ತಿರಲಿಲ್ಲ. ಜಗಳ ಇಲ್ಲ, ಹಗೆ ಇಲ್ಲ, ಗೆಲ್ಲಬೇಕೆಂಬ ಹಟವೂ ಇಲ್ಲ. ಆದರೂ ಪ್ರತಿ ಸರದಿಗೂ ಒತ್ತಡ ಸರಾಸರಿ ಶೇ. 38ರಷ್ಟು ಏರುತ್ತಾ ಹೋಯಿತು. ಇಬ್ಬರೂ ಪ್ರಾಮಾಣಿಕವಾಗಿ ಸಮ ಮಾಡುತ್ತಿದ್ದೇವೆ ಅಂದುಕೊಂಡೇ ಏರಿಸುತ್ತಿದ್ದರು.

ಕಾರಣ ನಮ್ಮ ಮಿದುಳಿನ ರೀತಿಯಲ್ಲೇ ಇದೆ. ನಾವೇ ಮಾಡುವ ಒತ್ತಡದ ಅನುಭವವನ್ನು ಮಿದುಳು ತಗ್ಗಿಸಿ ತೋರಿಸುತ್ತದೆ. ಹೊರಗಿನಿಂದ ಬಂದದ್ದನ್ನು ಪೂರ್ತಿಯಾಗಿ ತೋರಿಸುತ್ತದೆ. ಹಾಗಾಗಿ ತಿಂದ ಏಟು ದೊಡ್ಡದು, ಕೊಟ್ಟ ಏಟು ಚಿಕ್ಕದು. ಬೆರಳ ತುದಿಯ ಒತ್ತಡದಲ್ಲೇ ಹೀಗಾದರೆ, ಮಾನ ಹೋದ ನೋವಿಗೆ ಸಮ ಎಷ್ಟು ಎಂದು ಯಾವ ತಕ್ಕಡಿ ಹೇಳೀತು? ನಿಮ್ಮ ಕೆಲಸ ಹೋಯಿತು, ಹೆಸರು ಕೆಟ್ಟಿತು. ಅದಕ್ಕೆ ಒಂದು ಸಂಸಾರ ಮುರಿಯುವುದು ಸಮವಾ? ಹೆಚ್ಚಾ? ಕಡಿಮೆಯಾ? ನಿಮಗೆ 'ಸಮವೇ' ಅನ್ನಿಸಬಹುದು. ಅವನಿಗೆ ಖಂಡಿತ ಹಾಗನ್ನಿಸುವುದಿಲ್ಲ. ಮುಂದಿನ ಸರದಿ ಅವನದು.

ಈ ಕಷ್ಟ ಹೊಸದೇನಲ್ಲ. 'ಕಣ್ಣಿಗೆ ಕಣ್ಣು' ಅನ್ನುವುದನ್ನು ನಾವು ಕ್ರೌರ್ಯದ ಮಾತಾಗಿ ಆಡುತ್ತೇವೆ. ಅದು ಹುಟ್ಟಿದ್ದು ಕಡಿವಾಣವಾಗಿ. ಒಂದು ಕಣ್ಣಿಗೆ ಒಂದೇ ಕಣ್ಣು, ಇಡೀ ಮನೆತನವಲ್ಲ ಎಂಬುದು ಅದರ ಉದ್ದೇಶ. ಬ್ಯಾಬಿಲೋನಿನ ದೊರೆ ಹಮ್ಮುರಾಬಿಯ ಕಾನೂನುಗಳು ಕ್ರಿ.ಪೂ. 1750ರ ಆಸುಪಾಸಿನವು. ಅಲ್ಲಿ ಈ ನಿಯಮ ಇದೆ. ಆದರೆ ಅಲ್ಲೂ ಅಳತೆ ನೆಟ್ಟಗಿರಲಿಲ್ಲ. ಮೇಲಿನ ವರ್ಗದವನ ಕಣ್ಣು ಕಿತ್ತರೆ ಕಣ್ಣೇ ಹೋಗಬೇಕು. ಕೆಳಗಿನ ವರ್ಗದವನ ಕಣ್ಣಾದರೆ ಬೆಳ್ಳಿ ಕೊಟ್ಟರೆ ಸಾಕು. ಇನ್ನೊಂದು ನಿಯಮ ಹೀಗಿದೆ: ಮೇಸ್ತ್ರಿ ಕಟ್ಟಿದ ಮನೆ ಕುಸಿದು ಯಜಮಾನನ ಮಗ ಸತ್ತರೆ, ಮೇಸ್ತ್ರಿಯ ಮಗನನ್ನು ಕೊಲ್ಲಬೇಕು. ಮಗನಿಗೆ ಮಗ. ಲೆಕ್ಕ ಪಕ್ಕಾ! ಆದರೆ ಆ ಹುಡುಗ ಏನು ಮಾಡಿದ್ದ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತಾಯಿತು.

ನಿಮ್ಮ ಸ್ಕ್ರೀನ್‌ಶಾಟ್‌ಗಳ ವಿಷಯದಲ್ಲೂ ನನ್ನ ಮೊದಲ ತಕರಾರು ಇದೇ. ಏಟು ಬೀಳುವುದು ಯಾರಿಗೆ? ನಿಮಗೆ ಅನ್ಯಾಯ ಮಾಡಿದವನು ಅವನು. ಅವನ ಹೆಂಡತಿ ಅಲ್ಲ. ಮಕ್ಕಳಿದ್ದರೆ ಅವರಂತೂ ಅಲ್ಲವೇ ಅಲ್ಲ. ಆ ಮೆಸೇಜುಗಳಲ್ಲಿರುವ ಇನ್ನೊಬ್ಬ ಹೆಂಗಸಿಗೂ ನಿಮ್ಮ ಕಚೇರಿಯ ಜಗಳಕ್ಕೂ ಸಂಬಂಧವಿಲ್ಲ. ಅವನಿಗೆ ತಾಗುವ ಮೊದಲು ನಿಮ್ಮ ಏಟು ಇವರೆಲ್ಲರನ್ನೂ ದಾಟಿ ಹೋಗಬೇಕು.

'ಹೆಂಡತಿಗೆ ಸತ್ಯ ತಿಳಿಯುವ ಹಕ್ಕಿಲ್ಲವೇ?' ಎಂದು ನೀವು ಕೇಳಬಹುದು. ಇರಬಹುದು. ಆದರೆ ನಿಮ್ಮನ್ನೇ ಒಂದು ಪ್ರಶ್ನೆ ಕೇಳಿಕೊಳ್ಳಿ. ಅವನು ನಿಮಗೆ ಏನೂ ಅನ್ಯಾಯ ಮಾಡಿರದಿದ್ದರೆ, ಇನ್ನೂ ಸ್ನೇಹಿತನೇ ಆಗಿದ್ದರೆ, ಇವನ್ನು ಅವಳಿಗೆ ಕಳಿಸುತ್ತಿದ್ದಿರಾ? ಇಲ್ಲ ಎಂದಾದರೆ ಅವಳ ಹಕ್ಕಿನ ಮಾತು ಬರೀ ನೆಪ. ನೀವು ಅವಳನ್ನು ಕೈಗೆ ಸಿಕ್ಕ ಕೋಲಿನಂತೆ ಬಳಸುತ್ತಿದ್ದೀರಿ. ನಿಮ್ಮನ್ನು ಬಳಸಿಕೊಂಡ ಅಂತ ತಾನೇ ನೀವು ಅವನ ಮೇಲೆ ಸಿಟ್ಟಾಗಿರುವುದು?

ಅಶ್ವತ್ಥಾಮನನ್ನು ನೆನಪಿಸಿಕೊಳ್ಳಿ. ಮಹಾಭಾರತದಲ್ಲಿ ಅವನ ದೂರು ಸುಳ್ಳಲ್ಲ. ತಂದೆಯನ್ನು ಮೋಸದಿಂದ ಕೊಂದಿದ್ದರು. ದ್ರೋಣರು ಆಯುಧ ಕೆಳಗಿಟ್ಟಿದ್ದರು. ಧರ್ಮರಾಯನೇ ಅರೆಸುಳ್ಳು ಹೇಳಿದ್ದ. ಕೋಪಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕಾ? ಆದರೆ ಆ ರಾತ್ರಿ ಶಿಬಿರಕ್ಕೆ ನುಗ್ಗಿದವನ ಕೈಗೆ ಸಿಕ್ಕಿದ್ದು ತಂದೆಯನ್ನು ಕೊಂದ ಧೃಷ್ಟದ್ಯುಮ್ನ ಒಬ್ಬನೇ ಅಲ್ಲ. ಮಲಗಿದ್ದ ದ್ರೌಪದಿಯ ಐದು ಮಕ್ಕಳೂ ಸತ್ತರು. ಆಮೇಲೆ ಅಸ್ತ್ರ ಉತ್ತರೆಯ ಹೊಟ್ಟೆಯಲ್ಲಿದ್ದ ಕೂಸಿನ ಮೇಲೂ ಹೋಯಿತು. ಮೊದಲು ಮೋಸ ಮಾಡಿದವರು ಪಾಂಡವರ ಕಡೆಯವರು ಎಂಬುದು ಯಾರಿಗೂ ನೆನಪಿಗೇ ಬರುವುದಿಲ್ಲ, ನೋಡಿ. ಅವನ ನ್ಯಾಯವಾದ ದೂರನ್ನು ಅವನ ಸೇಡೇ ನುಂಗಿ ಹಾಕಿತು. ನಿಮ್ಮ ವಿಷಯದಲ್ಲೂ ಈ ಅಪಾಯ ಇದೆ. ಇವತ್ತು ನೀವು ಅನ್ಯಾಯಕ್ಕೆ ಒಳಗಾದವರು. ಸ್ಕ್ರೀನ್‌ಶಾಟ್ ಕಳಿಸಿದ ಮಾರನೇ ದಿನ 'ಇಂಥವರು ಹಣದ ವಿಷಯದಲ್ಲೂ ಮಾಡಿರಬಹುದು' ಎಂದು ಜನ ಹೇಳುವಂತಾಗುತ್ತದೆ. ಅವನ ಸುಳ್ಳು ದೂರಿಗೆ ನೀವೇ ಸಾಕ್ಷಿ ಒದಗಿಸಿದಂತೆ.

ಸೇಡಿನಿಂದ ನಿಮಗೆ ಸಿಗುವುದಾದರೂ ಏನು ಅನ್ನುವುದನ್ನೂ ನೋಡಬೇಕು. ಸೇಡು ಸಿಹಿ ಅಂತಾರೆ. ಸುಳ್ಳೇನಲ್ಲ. ಮೋಸ ಮಾಡಿದವನನ್ನು ದಂಡಿಸುವಾಗ ಮಿದುಳಿನ ಸುಖ ಕೊಡುವ ಭಾಗ ಚುರುಕಾಗುವುದನ್ನು 2004ರಲ್ಲಿ ಜ್ಯೂರಿಕ್‌ನ ಸಂಶೋಧಕರು ಗುರುತಿಸಿದರು. ಆದರೆ ಆ ಸಿಹಿ ಎಷ್ಟು ಹೊತ್ತು? 2008ರಲ್ಲಿ ಮನಶ್ಶಾಸ್ತ್ರಜ್ಞ ಕೆವಿನ್ ಕಾರ್ಲ್‌ಸ್ಮಿತ್ ಮತ್ತು ಜೊತೆಗಾರರು ಹಣ ಹೂಡುವ ಒಂದು ಆಟ ಆಡಿಸಿದರು. ಎಲ್ಲರೂ ಸೇರಿ ಹೂಡೋಣ ಎಂದು ಹುರಿದುಂಬಿಸಿದವನೇ ಕೊನೆಗೆ ಕೈಕೊಡುತ್ತಾನೆ. ಕೆಲವರಿಗೆ ಅವನಿಗೆ ದಂಡ ಹಾಕುವ ಅವಕಾಶ ಕೊಟ್ಟರು, ಕೆಲವರಿಗೆ ಕೊಡಲಿಲ್ಲ. ದಂಡ ಹಾಕಿದರೆ ಮನಸ್ಸು ಹಗುರಾಗುತ್ತದೆ ಎಂದು ಎಲ್ಲರೂ ಎಣಿಸಿದ್ದರು. ಆದದ್ದು ಉಲ್ಟಾ. ದಂಡ ಹಾಕಿದವರ ಮನಸ್ಸೇ ಜಾಸ್ತಿ ಕೆಟ್ಟಿತ್ತು, ಅವರು ಮೋಸಗಾರನ ಬಗ್ಗೆಯೇ ಯೋಚಿಸುತ್ತಾ ಕೂತಿದ್ದರು. ಅವಕಾಶ ಸಿಗದವರು 'ಹಾಳಾಗಿ ಹೋಗಲಿ' ಎಂದು ಬೇರೆ ಕಡೆ ತಿರುಗಿದ್ದರು.

ಇದೊಂದನ್ನೇ ಹಿಡಿದುಕೊಂಡು 'ಸೇಡಿನಿಂದ ಸುಖವಿಲ್ಲ' ಎಂದು ಬೋಧನೆ ಮಾಡುವವರಿದ್ದಾರೆ. ನಾನು ಅಷ್ಟು ದೂರ ಹೋಗುವುದಿಲ್ಲ. ಇನ್ನೊಂದು ಕಡೆಯ ಸಂಶೋಧನೆಯೂ ಇದೆ, ನನಗೆ ಅದೇ ಹೆಚ್ಚು ಉಪಯುಕ್ತ. ಜರ್ಮನಿಯ ಮನಶ್ಶಾಸ್ತ್ರಜ್ಞ ಮಾರಿಯೊ ಗೋಲ್‌ವಿಟ್ಸರ್ ಮತ್ತು ಅವರ ಸಂಗಡಿಗರು, ಸೇಡು ತೀರಿಸಿಕೊಂಡವರಿಗೆ ತೃಪ್ತಿ ಯಾವಾಗ ಸಿಗುತ್ತದೆ ಎಂದು ಹುಡುಕಿದರು. ಎದುರಿನವನು ನರಳಿದ್ದನ್ನು ನೋಡಿದ ಮಾತ್ರಕ್ಕೆ ಸಿಗಲಿಲ್ಲ. 'ನಾನು ಮಾಡಿದ್ದು ತಪ್ಪು, ಅದಕ್ಕೇ ಇದು ಬಂತು' ಎಂದು ಅವನು ಅರ್ಥ ಮಾಡಿಕೊಂಡದ್ದು ತಿಳಿದಾಗ ಸಿಕ್ಕಿತು.

ಈಗ ನಿಮ್ಮ ಯೋಜನೆಯನ್ನು ಇದರ ಪಕ್ಕ ಇಟ್ಟು ನೋಡಿ. ಹೆಸರಿಲ್ಲದೆ ಕಳಿಸುತ್ತೀರಾ? ಹಾಗಾದರೆ ಇದು ನಿಮಗೆ ಮಾಡಿದ ಅನ್ಯಾಯದ ಫಲ ಎಂದು ಅವನಿಗೆ ಗೊತ್ತೇ ಆಗುವುದಿಲ್ಲ. ಯಾರೋ ಹೊಟ್ಟೆಕಿಚ್ಚಿನವರು ಅಂದುಕೊಳ್ಳುತ್ತಾನೆ. ಹೆಸರು ಹಾಕಿ ಕಳಿಸುತ್ತೀರಾ? ಅವನಿಗೆ ತಾನು ಮಾಡಿದ್ದು ಮರೆತೇ ಹೋಗುತ್ತದೆ, ನೀವು ಮಾಡಿದ್ದು ಮಾತ್ರ ಕಣ್ಣಿಗೆ ಕಟ್ಟುತ್ತದೆ. ಎರಡರಲ್ಲೂ ನಿಮಗೆ ಬೇಕಾದದ್ದು ಸಿಗುವುದಿಲ್ಲ. ನಿಮಗೆ ಬೇಕಾದದ್ದು 'ಆರೋಪ ಸುಳ್ಳು' ಎಂಬ ಒಂದು ಮಾತು. ಅದು ಆ ಸ್ಕ್ರೀನ್‌ಶಾಟ್‌ಗಳಲ್ಲಿ ಎಲ್ಲೂ ಇಲ್ಲ.

ಹೀಗಾಗಿ ನನ್ನ ನಿಲುವು ಇದು. ಲೆಕ್ಕ ಕೇಳುವ ಹಕ್ಕು ನಿಮ್ಮದು, ಅದನ್ನು ದೇವರಿಗೂ ಬಿಟ್ಟುಕೊಡಬೇಕಾಗಿಲ್ಲ. ಆದರೆ ಶಿಕ್ಷೆ ಎಷ್ಟು ಎಂದು ಹೇಳುವ ಹಕ್ಕು ನಿಮ್ಮದಲ್ಲ. ನೀವು ಕೆಟ್ಟವರು ಎಂಬ ಕಾರಣಕ್ಕೆ ಅಲ್ಲ. ನೋವಾದವರ ಕೈಯಲ್ಲಿ ಅಳತೆಗೋಲು ನಿಲ್ಲುವುದಿಲ್ಲ ಎಂಬ ಕಾರಣಕ್ಕೆ. ವೈದ್ಯರು ತಮ್ಮ ಮಗುವಿಗೆ ತಾವೇ ದೊಡ್ಡ ಶಸ್ತ್ರಚಿಕಿತ್ಸೆ ಮಾಡದಿರುವುದು ಕೈ ಬಾರದ್ದಕ್ಕಲ್ಲ, ತಾನೇ?

ಈಗ ಆ 'ಬಹುಮಟ್ಟಿಗೆ'. ಕೇಳಬೇಕಾದ ಕಡೆ ಕೇಳಿದರೂ ಯಾರೂ ಕೇಳಿಸಿಕೊಳ್ಳದಿದ್ದರೆ? ಅಥವಾ ಕೇಳುವ ಜಾಗವೇ ಇಲ್ಲದಿದ್ದರೆ? 'ಕಾನೂನು ನೋಡಿಕೊಳ್ಳುತ್ತದೆ' ಎಂಬ ಮಾತು ಆಗ ಬರೀ ನಯವಾದ ಸುಳ್ಳು.

1921ರ ಮಾರ್ಚ್ 15ರಂದು ಬರ್ಲಿನ್ನಿನ ಬೀದಿಯಲ್ಲಿ ಸೊಗೊಮೊನ್ ತೆಹ್ಲಿರಿಯನ್ ಎಂಬ ಆರ್ಮೇನಿಯನ್ ಯುವಕ ತಲಾತ್ ಪಾಷಾನನ್ನು ಗುಂಡಿಟ್ಟು ಕೊಂದ. ತಲಾತ್ ಟರ್ಕಿಯ ಒಟ್ಟೋಮನ್ ಸಾಮ್ರಾಜ್ಯದ ಗೃಹಮಂತ್ರಿಯಾಗಿದ್ದವನು, 1915ರಲ್ಲಿ ಶುರುವಾದ ಆರ್ಮೇನಿಯನ್ನರ ಸಾಮೂಹಿಕ ಹತ್ಯೆಯ ಮುಖ್ಯ ರೂವಾರಿ. 1919ರಲ್ಲಿ ಅವನ ದೇಶದ ಸೇನಾ ನ್ಯಾಯಾಲಯವೇ ಅವನಿಗೆ ಮರಣದಂಡನೆ ಹಾಕಿತ್ತು. ಅಷ್ಟರಲ್ಲಿ ಅವನು ಜರ್ಮನಿಗೆ ಓಡಿಹೋಗಿದ್ದ, ಅಲ್ಲಿ ಆರಾಮಾಗಿದ್ದ. ತೆಹ್ಲಿರಿಯನ್‌ನ ವಿಚಾರಣೆ ಎರಡೇ ದಿನ ನಡೆಯಿತು. ಜ್ಯೂರಿ ಒಂದು ಗಂಟೆಯ ಆಸುಪಾಸಿನಲ್ಲಿ ಅವನನ್ನು ಬಿಡುಗಡೆ ಮಾಡಿತು.

ಸೇಡಿನ ಪರವಾಗಿ ವಾದ ಮಾಡಬೇಕಾದರೆ ಇದಕ್ಕಿಂತ ಗಟ್ಟಿ ಉದಾಹರಣೆ ನನಗೆ ಸಿಕ್ಕಿಲ್ಲ. ಅಪರಾಧ ಅನುಮಾನಕ್ಕೆ ಎಡೆಯಿಲ್ಲದಷ್ಟು ದೊಡ್ಡದು. ತೀರ್ಪು ಆಗಲೇ ಬಂದಿತ್ತು. ಜಾರಿ ಮಾಡುವವರು ಇರಲಿಲ್ಲ. ಗುಂಡು ಬಿದ್ದದ್ದು ಮಾಡಿದವನಿಗೇ. ಅಷ್ಟಾದರೂ ಇದರಲ್ಲಿ ಒಂದು ಮುಳ್ಳಿದೆ. ಕಣ್ಣೆದುರೇ ತಾಯಿಯನ್ನು ಕೊಂದರು ಎಂದು ತೆಹ್ಲಿರಿಯನ್ ಕೋರ್ಟಿನಲ್ಲಿ ಹೇಳಿದ್ದ. ಅವನ ಮನೆಯವರು ಸತ್ತದ್ದು ನಿಜ. ಆದರೆ ಆಗ ಅವನು ಅಲ್ಲಿರಲಿಲ್ಲ. ಒಬ್ಬನೇ ದುಃಖದಲ್ಲಿ ಮಾಡಿದ ಕೃತ್ಯವೂ ಅದಲ್ಲ, ಹಿಂದೆ ಒಂದು ಸಂಘಟನೆಯೇ ಇತ್ತು. ಅಂದರೆ ಇಷ್ಟು ಗಟ್ಟಿಯಾದ ಕಾರಣ ಇದ್ದಾಗಲೂ ಸೇಡಿಗೆ ಸ್ವಲ್ಪ ಸುಳ್ಳಿನ ಆಸರೆ ಬೇಕಾಯಿತು.

ಅವನನ್ನು ಸಾಮಾನ್ಯ ಕೊಲೆಗಾರನ ಸಾಲಿಗೆ ಸೇರಿಸಲು ನನಗೆ ಮನಸ್ಸಿಲ್ಲ. ಮಾಡಿದ್ದು ಸರಿ ಎಂದೂ ಹೇಳಲಾರೆ. ಇಂಥ ಕಡೆ ತಪ್ಪಿನ ದೊಡ್ಡ ಪಾಲು, ನ್ಯಾಯ ಕೊಡಬೇಕಾಗಿದ್ದೂ ಕೊಡದವರದು. ಆ ಸುದ್ದಿ ಓದಿದ ಪೋಲಂಡಿನ ಒಬ್ಬ ವಿದ್ಯಾರ್ಥಿ ತನ್ನ ಪ್ರಾಧ್ಯಾಪಕರನ್ನು ಕೇಳಿದನಂತೆ: ಒಬ್ಬನನ್ನು ಕೊಂದದ್ದು ಅಪರಾಧ, ಆದರೆ ಲಕ್ಷಾಂತರ ಜನರನ್ನು ಕೊಂದದ್ದು ಅಪರಾಧವಲ್ಲವೇ? ತಲಾತ್‌ನನ್ನು ಹಿಡಿಯಲು ಬೇಕಾದ ಕಾನೂನೇ ಇಲ್ಲ ಎಂಬ ಉತ್ತರ ಬಂತು. ಆ ವಿದ್ಯಾರ್ಥಿ ರಫೇಲ್ ಲೆಮ್ಕಿನ್. 'ಜಿನೊಸೈಡ್' (ಜನಾಂಗಹತ್ಯೆ) ಎಂಬ ಪದವನ್ನು 1944ರಲ್ಲಿ ಬಳಕೆಗೆ ತಂದವರು ಅವರೇ. ಅವರು ಹಟ ಹಿಡಿದು ಓಡಾಡಿದ್ದರಿಂದ 1948ರಲ್ಲಿ ವಿಶ್ವಸಂಸ್ಥೆ ಅದನ್ನು ಅಪರಾಧ ಎಂದು ಸಾರುವ ಒಪ್ಪಂದ ಮಾಡಿತು. ಲೆಮ್ಕಿನ್ ಅವರ ಸ್ವಂತ ಬಂಧುಗಳೂ ಮುಂದೆ ನಾಜಿಗಳ ಕೈಯಲ್ಲಿ ಸತ್ತರು. ಸೇಡಿಗೆ ಅವರಿಗೂ ಕಾರಣ ಕಡಿಮೆ ಇರಲಿಲ್ಲ.

ಹಾಗೇ ಜರ್ಮನಿಯ ನ್ಯೂರೆಂಬರ್ಗ್ ಊರನ್ನೂ ನೋಡಬೇಕು. ಎರಡನೇ ಮಹಾಯುದ್ಧ ಮುಗಿದ ಮೇಲೆ ಆ ಒಂದೇ ಊರಿನಲ್ಲಿ ಎರಡೂ ದಾರಿ ಕಾಣಿಸಿದವು. ನಾಜಿಗಳಿಂದ ಎಲ್ಲವನ್ನೂ ಕಳೆದುಕೊಂಡ ಯಹೂದಿ ಯುವಕರು ಅಬ್ಬಾ ಕೊವ್ನರ್ ಎಂಬವರ ಮುಂದಾಳತ್ವದಲ್ಲಿ 'ನಕಾಮ್' ಎಂಬ ಗುಂಪು ಕಟ್ಟಿದ್ದರು. ಜರ್ಮನ್ ನಗರಗಳ ಕುಡಿಯುವ ನೀರಿಗೆ ವಿಷ ಬೆರೆಸುವುದು ಅವರ ಮೊದಲ ಯೋಜನೆ. ನಾಜಿಗಳು ಕೊಂದ 60 ಲಕ್ಷ ಯಹೂದಿಗಳಿಗೆ 60 ಲಕ್ಷ ಜರ್ಮನ್ನರು ಎಂಬ ಲೆಕ್ಕ. ವಿಷ ತರುತ್ತಿದ್ದ ಕೊವ್ನರ್ ಹಡಗಿನಲ್ಲಿ ಬ್ರಿಟಿಷರ ಕೈಗೆ ಸಿಕ್ಕಿಬಿದ್ದರು, ವಿಷ ಸಮುದ್ರದ ಪಾಲಾಯಿತು. 1946ರ ಏಪ್ರಿಲ್‌ನಲ್ಲಿ ಉಳಿದವರು ನ್ಯೂರೆಂಬರ್ಗ್ ಬಳಿಯ ಜರ್ಮನ್ ಯುದ್ಧಕೈದಿಗಳ ಶಿಬಿರಕ್ಕೆ ಹೋಗುವ ಬ್ರೆಡ್ಡಿಗೆ ಆರ್ಸೆನಿಕ್ ಸವರಿದರು. 2000ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು. ಸತ್ತವರ ದಾಖಲೆ ಇಲ್ಲ.

ಅದೇ ಹೊತ್ತಿಗೆ ಅದೇ ಊರಿನ ನ್ಯಾಯಾಲಯದಲ್ಲಿ ನಾಜಿ ನಾಯಕರ ವಿಚಾರಣೆ ನಡೆಯುತ್ತಿತ್ತು. ಗೆದ್ದ ನಾಲ್ಕು ದೇಶಗಳು ಸೇಡಿನ ಕೈ ತಡೆದು ಶತ್ರುಗಳನ್ನು ಕಾನೂನಿಗೆ ಒಪ್ಪಿಸಿವೆ ಎಂದು ಅಮೆರಿಕದ ವಕೀಲ ರಾಬರ್ಟ್ ಜಾಕ್ಸನ್ ಆರಂಭದಲ್ಲೇ ಹೇಳಿದ್ದರು. ಗೆದ್ದವರೇ ನಡೆಸಿದ ನ್ಯಾಯ ಎಂಬ ಟೀಕೆ ಅದಕ್ಕೂ ಇದೆ, ಸುಳ್ಳೇನಲ್ಲ. ಆದರೆ 1946ರ ಅಕ್ಟೋಬರ್ 1ರ ತೀರ್ಪು ನೋಡಿ. 22 ಜನರಲ್ಲಿ 12 ಜನಕ್ಕೆ ಗಲ್ಲು, ಏಳು ಜನಕ್ಕೆ ಜೈಲು, ಮೂವರಿಗೆ ಬಿಡುಗಡೆ. ಆ ಮೂವರ ವಿಷಯದಲ್ಲಿ ನನಗೆ ಜಾಸ್ತಿ ಆಸಕ್ತಿ. ವಿಷದ ಬ್ರೆಡ್ಡಿನಲ್ಲಿ ಯಾರನ್ನೂ ಬಿಡುಗಡೆ ಮಾಡಲು ದಾರಿ ಇರಲಿಲ್ಲ. ತಿಂದವನು ಯಾರು, ಏನು ಮಾಡಿದ್ದ ಎಂದು ಕೇಳುವ ಹಂತವೇ ಅಲ್ಲಿಲ್ಲ. ಸೇಡಿಗೆ ತೀರ್ಪು ಮೊದಲೇ ಗೊತ್ತಿರುತ್ತದೆ.

ಕ್ಷಮೆಯ ಬಗ್ಗೆ ನೀವು ಕೇಳಿಲ್ಲ, ಆದರೂ ಎರಡು ಮಾತು. ಸೇಡು ಬೇಡ ಅಂದ ಕೂಡಲೇ ಜನ ಕ್ಷಮಿಸಿಬಿಡಿ ಅಂತಾರೆ. ಎರಡರ ನಡುವೆ ಬಹಳ ಜಾಗ ಇದೆ. 2004ರಲ್ಲಿ ಇರಾನಿನ ಒಬ್ಬ ಯುವತಿಯ ಮುಖಕ್ಕೆ, ಮದುವೆಗೆ ಒಪ್ಪಲಿಲ್ಲ ಎಂದು ಒಬ್ಬ ಆಸಿಡ್ ಎರಚಿದ. ಆಕೆಯ ಎರಡೂ ಕಣ್ಣು ಹೋದವು. ಅವನ ಕಣ್ಣಿಗೂ ಆಸಿಡ್ ಹಾಕಲು ಆಕೆ ವರ್ಷಗಟ್ಟಲೆ ಹೋರಾಡಿ ನ್ಯಾಯಾಲಯದ ಅನುಮತಿ ಪಡೆದರು. 2011ರಲ್ಲಿ ಆಸ್ಪತ್ರೆಯಲ್ಲಿ ಎಲ್ಲ ಸಿದ್ಧವಾದ ಮೇಲೆ, ಕೊನೇ ಗಳಿಗೆಯಲ್ಲಿ ಬೇಡ ಅಂದರು. ಆದರೆ ಪರಿಹಾರದ ಹಣ ಬೇಕು ಎಂಬ ಬೇಡಿಕೆ ಬಿಡಲಿಲ್ಲ. ಇದನ್ನು ಕ್ಷಮೆಯ ಕಥೆ ಎಂದು ಹೇಳುವವರು ಆ ಕೊನೆಯ ಭಾಗವನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ಆಕೆ ಲೆಕ್ಕ ಕೇಳಿದರು, ಅವನು ತಪ್ಪುಗಾರ ಎಂದು ಎಲ್ಲರೆದುರು ತೀರ್ಮಾನ ಆಗುವವರೆಗೂ ಬಿಡಲಿಲ್ಲ. ಕಣ್ಣು ಮಾತ್ರ ಕೀಳಲಿಲ್ಲ. ಕ್ಷಮಿಸುವುದು ಬಿಡುವುದು ಪೂರ್ತಿ ನಿಮಗೆ ಸೇರಿದ್ದು. ನಿಮ್ಮ ಮೇಲೆ ಅದನ್ನು ಹೇರುವ ಹಕ್ಕು ಮನೆಯವರಿಗೂ ಇಲ್ಲ, ನನಗೂ ಇಲ್ಲ.

ಹಾಗಾದರೆ ನೀವು ಏನು ಮಾಡಬಹುದು? ಅವನ ಜೊತೆ ಮಾತು ಬಿಡಬಹುದು. ಎದುರಿಗೆ ಬಂದರೆ ಮುಖ ತಿರುಗಿಸಬಹುದು. ಅದು ಸಣ್ಣತನ ಅನ್ನುವವರು ಅನ್ನಲಿ. ಅವನನ್ನು ಕೆಲಸಕ್ಕೆ ತೆಗೆದುಕೊಳ್ಳುವವರು ನಿಮ್ಮನ್ನೇ ಕೇಳಿದರೆ, ನಡೆದದ್ದನ್ನು ನಡೆದ ಹಾಗೆ ಹೇಳಬಹುದು. ನಿಮ್ಮ ಕೆಲಸವನ್ನು ಅವನು ಕದ್ದದ್ದಕ್ಕೆ ಪುರಾವೆ ಇದ್ದರೆ ಅದನ್ನು ತೋರಿಸಬೇಕಾದವರಿಗೆ ತೋರಿಸಬಹುದು. ಇದರಿಂದ ಅವನಿಗೆ ನಷ್ಟ ಆಗಬಹುದು, ನಿಮಗೆ ಒಳಗೊಳಗೇ ಖುಷಿಯೂ ಆಗಬಹುದು. ಆಗಲಿ. ಏಟು ಅವನ ತಪ್ಪಿಗೇ ನೇರವಾಗಿ ಸೇರಿದೆ, ತೀರ್ಮಾನ ಮಾಡುವವರು ಬೇರೆಯವರು, ತನ್ನ ಮಾತು ಹೇಳಲು ಅವನಿಗೂ ಅವಕಾಶ ಇದೆ. ಸ್ಕ್ರೀನ್‌ಶಾಟ್‌ಗಳಲ್ಲಿ ಈ ಮೂರೂ ಇಲ್ಲ. ಬೇರೆಯವರ ಖಾಸಗಿ ಮೆಸೇಜುಗಳನ್ನು ಹರಡುವುದು ಎಷ್ಟೋ ಕಡೆ ಅಪರಾಧವೂ ಹೌದು. ಅವನ್ನು ಅಳಿಸಿಬಿಡಿ. ಇಟ್ಟುಕೊಂಡರೆ, ಮನಸ್ಸು ಕೆಟ್ಟ ಯಾವುದೋ ರಾತ್ರಿ ಬೆರಳು ತಾನಾಗಿಯೇ ಅಲ್ಲಿಗೆ ಹೋಗುತ್ತದೆ.

ಆಮೇಲೆ ಮುಖ್ಯವಾದ ಕೆಲಸ. 'ಸಾಕ್ಷ್ಯ ಸಾಲದು' ಎಂಬ ವಿಚಾರಣಾ ವರದಿಯ ಪ್ರತಿಯನ್ನು ಬರವಣಿಗೆಯಲ್ಲಿ ಕೇಳಿ. ಮರುಪರಿಶೀಲನೆಗೆ ಅವಕಾಶ ಇದೆಯೇ ಎಂದೂ ಅದೇ ಪತ್ರದಲ್ಲಿ ಕೇಳಿ. ನಿಮ್ಮ ಹಳೆಯ ಇಮೇಲು, ಕರಡು ಪ್ರತಿ, ತಾರೀಖು ಇರುವ ಫೈಲುಗಳನ್ನೆಲ್ಲ ಒಂದು ಕಡೆ ಸೇರಿಸಿ. ಆಗ ತಂಡದಲ್ಲಿದ್ದ ಯಾರಾದರೂ ಒಬ್ಬರು ನಡೆದದ್ದನ್ನು ಬರೆದುಕೊಟ್ಟರೂ ದೊಡ್ಡ ಆಸರೆ. ಇದೆಲ್ಲ ಹಿಡಿದುಕೊಂಡು ಒಬ್ಬ ವಕೀಲರನ್ನು ನೋಡಿ. ಸುಳ್ಳು ಆರೋಪದಿಂದ ಮಾನಹಾನಿ ಆದದ್ದಕ್ಕೆ ಮೊಕದ್ದಮೆ ಹೂಡಬಹುದೇ ಎಂದು ಅವರು ಹೇಳುತ್ತಾರೆ. ಮಾನಹಾನಿ ಮೊಕದ್ದಮೆಗೆ ಕಾಲಮಿತಿ ಇರುತ್ತದೆ, ಅದು ಅಷ್ಟೇನೂ ದೊಡ್ಡದಲ್ಲ. ನಿಮ್ಮ ಮೇಲೆ ದೂರು ಕೊಟ್ಟು ಎಷ್ಟು ಕಾಲವಾಯಿತು ಎಂದು ನೀವು ಬರೆದಿಲ್ಲ. ಹಾಗಾಗಿ ವಕೀಲರನ್ನು ನೋಡುವುದನ್ನು ಈ ವಾರವೇ ಮಾಡಿ, ವರದಿಯ ಪ್ರತಿ ಬರಲಿ ಎಂದು ಕಾಯಬೇಡಿ.